ಹನ್ನೆರಡೋ ಹದಿಮೂರೋ

ನಮ್ಮ ನಾಗ ಒಂದು ಹಳೇ ಮರದ ದೋಣಿ ಕೊಂಡ. 1953ರ ಕ್ರಿಸ್-ಕ್ರಾಫ್ಟ್, 17 ಅಡಿ ಉದ್ದ. ಅವನ ಹೆಂಡತಿ ಅವತ್ತಿಂದ ಮಾತು ಬಿಟ್ಟಿದ್ದಾಳೆ, ಚಹಾ ಮಾತ್ರ ಕಳಿಸುತ್ತಾಳೆ. ನಮಗೆ ಅಷ್ಟು ಸಾಕು. ಶನಿವಾರ ಬಂತೆಂದರೆ ಅವನ ಗ್ಯಾರೇಜಿನಲ್ಲಿ ಮಂಡಕ್ಕಿ ಹರಡಿಕೊಂಡು ಕೂರುತ್ತೇವೆ. ನಾವಿರುವುದು ಅಮೆರಿಕದ ಮಿಶಿಗನ್ನಿನಲ್ಲಿ. ಕ್ರಿಸ್-ಕ್ರಾಫ್ಟ್ ಕಂಪನಿ ಹುಟ್ಟಿದ ಆಲ್ಗೊನ್ಯಾಕ್ ಇಲ್ಲಿಂದ ಕಾರಲ್ಲಿ ಒಂದು ಗಂಟೆ. "ಇವಳಿಗೆ ತವರು ಹತ್ತಿರ" ಅನ್ನುತ್ತಾನೆ ನಾಗ, ದೋಣಿ ಸವರುತ್ತಾ. ಹೆಂಡತಿ ಮಾತು ಬಿಟ್ಟದ್ದು ಸುಮ್ನೆ ಅಲ್ಲ.

ತೊಂದರೆ ಏನೆಂದರೆ, 95 ಕುದುರೆಶಕ್ತಿಯ ಎಂಜಿನ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 3200 ಸುತ್ತು ಬರಬೇಕು. 2900 ದಾಟಲ್ಲ. ಜೊತೆಗೆ ದೋಣಿ ಚಳಿಜ್ವರ ಬಂದ ಹಾಗೆ ನಡುಗುತ್ತೆ.

"ಪ್ರೊಪೆಲ್ಲರ್ ಸರಿ ಇಲ್ಲ" ಎಂದ ಮಂಜ. ಅವನು ಡೇಟಾಬೇಸ್ ಮನುಷ್ಯ, ನೀರು ಕಂಡರೆ ಹೆದರುತ್ತಾನೆ.

ನೀರೊಳಗೆ ತಿರುಗಿ ದೋಣಿ ತಳ್ಳುವ ಆ ರೆಕ್ಕೆಚಕ್ರವನ್ನು ಬಿಚ್ಚಿ ನೋಡಿದೆವು. ನಡುವಿನ ಗುಬ್ಬದ ಮೇಲೆ ಅಳತೆ ಒತ್ತಿರುತ್ತಾರೆ: ಮೊದಲು ವ್ಯಾಸ, ಆಮೇಲೆ ಪಿಚ್. ವ್ಯಾಸ 13 ಇಂಚು, ಸ್ಪಷ್ಟ. ಪಿಚ್‌ನಲ್ಲಿ 1 ಕಾಣುತ್ತೆ, ಪಕ್ಕದ ಅಂಕಿ ಸವೆದುಹೋಗಿದೆ.

"ಹನ್ನೆರಡು" ಎಂದ ನಾಗ.

"ಹದಿಮೂರು. ಆ ಬಾಲ ನೋಡೋ" ಎಂದ ಮಂಜ.

ಸೋತವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು ಅಂತ ಪಂದ್ಯ ಆಯಿತು. ಮಂಜ ವರ್ಜೀನಿಯಾದ ಮ್ಯಾರಿನರ್ಸ್ ಮ್ಯೂಸಿಯಂನಿಂದ ದೋಣಿಯ ಕಾರ್ಡನ್ನೂ ತರಿಸಿದ. ಕ್ರಿಸ್-ಕ್ರಾಫ್ಟ್ ದೋಣಿಗಳ ಜಾತಕ ಅಲ್ಲಿರುತ್ತೆ. ಎಂಜಿನ್ ಹುಟ್ಟಿನಿಂದ ಇದ್ದದ್ದೇ ಅಂತ ಗೊತ್ತಾಯಿತು. ಅಂಕಿಯ ಜಗಳ ಹಾಗೇ ಉಳಿಯಿತು.

ನಾಗನ ಮಾವ ಗಂಗೊಳ್ಳಿಯವರು. ಮೀನಿನ ದೋಣಿಗಳ ಎಂಜಿನ್ ರಿಪೇರಿ ಮಾಡಿಯೇ ಕೂದಲು ಬಿಳಿ ಮಾಡಿಕೊಂಡವರು. ಈಗ ಮಗಳ ಮನೆಗೆ ಬಂದು ಆರು ತಿಂಗಳು ಮೌನವಾಗಿ ಮಂಡಕ್ಕಿ ತಿನ್ನುತ್ತಿದ್ದಾರೆ. ನಾವೂ ಅವರನ್ನು ಮಾವ ಅಂತಲೇ ಕರೆಯುತ್ತೇವೆ.

"ಮಾವ, ಈ ಪಿಚ್ ಅಂದ್ರೆ ನಿಜವಾಗಿ ಏನು?" ಎಂದೆ.

"ಹಲಸಿನ ಹಲಗೆಗೆ ಸ್ಕ್ರೂ ತಿರುಗಿಸ್ತೀರಲ್ಲ? ಒಂದು ಸುತ್ತಿಗೆ ಎಷ್ಟು ಇಂಚು ಒಳಗೆ ಹೋಗುತ್ತೋ ಅದು. ನೀರು ಹಲಸಲ್ಲ, ಸ್ವಲ್ಪ ಜಾರುತ್ತೆ. ಪಿಚ್ ಜಾಸ್ತಿಯಾದರೆ ನಾಲ್ಕನೇ ಗೇರಲ್ಲಿ ಆಗುಂಬೆ ಘಾಟಿ ಹತ್ತಿದ ಹಾಗೆ. ಎಂಜಿನ್ ಏದುಸಿರು ಬಿಡುತ್ತೆ."

ಅಷ್ಟರಲ್ಲಿ ನಾಗ ಆತುರಪಟ್ಟು ಯಾರದೋ ಹತ್ತಿರ ಇನ್ನೊಂದು ಹಳೇ ಪ್ರೊಪೆಲ್ಲರನ್ನು 150 ಡಾಲರಿಗೆ ತಂದಿದ್ದ. ಫ್ಲೋರಿಡಾದಲ್ಲಿ ಓಡಿದ್ದಂತೆ. ಮಾವ ಅದನ್ನು ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. "ಟಪ್" ಅಂತು. ನಮ್ಮ ಹಳೆಯದನ್ನು ತಟ್ಟಿದರು. "ಟಣ್ಣ್..." ಜಾಗಟೆ ಥರ, ಮಂಜನ ಚಹಾ ಮುಗಿಯುವವರೆಗೂ ಕೇಳಿತು.

"ಇದರಲ್ಲಿ ಬಿರುಕಿಲ್ಲ. ಅದನ್ನು ನೋಡಿ, ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದೆ. ಉಪ್ಪುನೀರು ಸತುವನ್ನೆಲ್ಲ ತಿಂದು ತಾಮ್ರ ಉಳಿಸಿದೆ. ಹಪ್ಪಳ ಅದು."

"ಒಂದ್ಸಲ ಹಾಕಿ ನೋಡ್ತೀನಿ ಮಾವ" ಎಂದ ನಾಗ. ದುಡ್ಡು ಕೊಟ್ಟವನ ಹಟ.

ಕೆರೆಗಿಳಿಸಿ, ಗೇರ್ ಮುಂದಕ್ಕೆ ಹಾಕಿದ. ದೋಣಿ ಗಾಂಭೀರ್ಯದಿಂದ ಹಿಂದಕ್ಕೆ ಬಂದು, ನೀರಂಚಿನಲ್ಲಿದ್ದ ನಮ್ಮ ಮಂಡಕ್ಕಿ ಡಬ್ಬಿಯನ್ನು ತಳ್ಳಿತು. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿ ಮುಂದೆ ತಳ್ಳುವುದು ಬಲಗೈಯದು, ಉಲ್ಟಾ ತಿರುಗುವುದು ಎಡಗೈಯದು. ನಾಗ ತಂದದ್ದು ಇನ್ನೊಂದು ಕೈಯದು.

"ರಿವರ್ಸ್‌ನಲ್ಲೇ ಓಡಿಸು, ಮುಂದೆ ಹೋಗುತ್ತಲ್ಲ" ಎಂದ ಮಂಜ.

"ದಿನವಿಡೀ ಓಡಲಿಕ್ಕೆ ಆ ಗೇರ್ ಮಾಡಿದ್ದಲ್ಲ, ಸುಟ್ಟುಹೋಗುತ್ತೆ" ಎಂದರು ಮಾವ. ನಗಲಿಲ್ಲ. ನಗು ತಡೆದುಕೊಂಡಿದ್ದರು ಅಂತ ನನ್ನ ಗುಮಾನಿ.

ಕೊನೆಗೆ ಹಳೆಯದನ್ನೇ ಪ್ರೊಪೆಲ್ಲರ್ ರಿಪೇರಿಯವರ ಹತ್ತಿರ ಒಯ್ದೆವು. ಅವರು ಒಂದೊಂದೇ ರೆಕ್ಕೆ ಅಳೆದರು. ಒಂದು 12 ಇಂಚು. ಇನ್ನೊಂದು 13. ಮೂರನೆಯದು ಹನ್ನೆರಡೂವರೆ. ಯಾವ ಕಾಲದಲ್ಲೋ ಕಲ್ಲಿಗೆ ಬಡಿದು ಬಾಗಿದ್ದು. ನಡುಕ ಬರದೆ ಇನ್ನೇನು? ಅಚ್ಚಿನ ಮೇಲಿಟ್ಟು ಬಡಿದು ಮೂರನ್ನೂ 12ಕ್ಕೆ ತಂದರು. ಈಗ ಎಂಜಿನ್ 3150 ಮುಟ್ಟುತ್ತೆ, ನಡುಕ ಇಲ್ಲ.

"ನೋಡಿದ್ಯಾ, ಹನ್ನೆರಡು" ಎಂದ ನಾಗ.

"ಅದು ಈಗ. ಮೊದಲು ಒಂದು ರೆಕ್ಕೆ ಹದಿಮೂರಿತ್ತು" ಎಂದ ಮಂಜ.

"ನನ್ನದು ಆ ಮೂರನೇ ರೆಕ್ಕೆ. ಇಬ್ಬರೂ ಕೊಡಿಸಿ" ಎಂದರು ಮಾವ, ಚಪ್ಪಲಿ ಹಾಕಿಕೊಳ್ಳುತ್ತಾ.