ಬ್ಯಾಕ್ಟೀರಿಯಾದ ಪ್ರೋಟೀನ್ ಕ್ಯಾನ್ಸರ್ ಕೋಶ ಕೊಲ್ಲುತ್ತದಂತೆ, ಇದು ನಿಜಾನಾ?

ಕುತೂಹಲಿ:
ಎಲ್ಲರಿಗೂ ನಮಸ್ಕಾರ. ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ಅಜುರಿನ್ ಅನ್ನೋ ಬ್ಯಾಕ್ಟೀರಿಯಾದ ಪ್ರೋಟೀನ್ ಕ್ಯಾನ್ಸರ್ ಕೋಶಗಳ ಒಳಗೆ ಹೊಕ್ಕು ಅವನ್ನಷ್ಟೇ ಕೊಲ್ಲುತ್ತದಂತೆ, ಒಳ್ಳೆಯ ಕೋಶಗಳಿಗೆ ಏನೂ ಆಗುವುದಿಲ್ಲವಂತೆ, ಕಂಪನಿಗಳು ಬೇಕಂತಲೇ ಇದನ್ನು ಮುಚ್ಚಿಟ್ಟಿವೆಯಂತೆ. ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೀತಾ ಇದೆ. ತುಂಬಾ ಸುಸ್ತಾಗಿದ್ದಾರೆ. ವಿಡಿಯೊ ನೋಡಿದ ಮೇಲೆ "ಕೀಮೋ ಸಾಕು, ಇದನ್ನೇ ಹುಡುಕಿಕೊಡಿ" ಅಂತ ಹಟ ಹಿಡಿದಿದ್ದಾರೆ. ಇದರಲ್ಲಿ ಎಷ್ಟು ನಿಜ? ರೋಗ ತರುವ ಬ್ಯಾಕ್ಟೀರಿಯಾದಿಂದ ಔಷಧಿ ಬರೋದು ಸಾಧ್ಯಾನಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಲ್ಯಾಬ್‌ಮಿತ್ರ:
ಮೊದಲು ಮುಖ್ಯವಾದದ್ದು ಹೇಳಿಬಿಡ್ತೀನಿ. ಕೀಮೋ ನಿಲ್ಲಿಸಬೇಡಿ. ಅಜುರಿನ್ ಇವತ್ತಿಗೆ ಯಾವ ಆಸ್ಪತ್ರೆಯಲ್ಲೂ ಕೊಡುವ ಔಷಧಿ ಅಲ್ಲ.

ಆದರೆ ವಿಡಿಯೊದಲ್ಲಿ ಹೇಳಿದ್ದೆಲ್ಲ ಕಟ್ಟುಕಥೆಯೂ ಅಲ್ಲ. ಸ್ಯೂಡೋಮೊನಾಸ್ ಏರುಜಿನೋಸಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಸುಟ್ಟ ಗಾಯಕ್ಕೆ, ಶ್ವಾಸಕೋಶಕ್ಕೆ ಸೋಂಕು ತರುತ್ತದೆ, ಅದನ್ನು ವಾಸಿ ಮಾಡೋದೂ ಕಷ್ಟ. ಅದರ ಒಂದು ಸಣ್ಣ ಪ್ರೋಟೀನೇ ಅಜುರಿನ್, 128 ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳು) ಸರಪಳಿ, ಒಳಗೊಂದು ತಾಮ್ರದ ಪರಮಾಣು. ಇದರ ಮೇಲೆ ಜಾಸ್ತಿ ಕೆಲಸ ಮಾಡಿದವರು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಆನಂದ ಚಕ್ರವರ್ತಿ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗೆ ಪೇಟೆಂಟ್ ಕೇಳಿ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರಲ್ಲ, ಅವರೇ.

ಅವರ ತಂಡ ಕಂಡುಕೊಂಡದ್ದು ಏನಂದರೆ, ಅಜುರಿನ್ ಕ್ಯಾನ್ಸರ್ ಕೋಶಗಳ ಒಳಗೆ ಸುಲಭವಾಗಿ ಹೋಗುತ್ತದೆ, ಮಾಮೂಲಿ ಕೋಶಗಳಿಗೆ ಅಷ್ಟಾಗಿ ಹೋಗುವುದಿಲ್ಲ. ಒಳಗೆ ಹೋಗಿ ಪಿ53 ಅನ್ನೋ ನಮ್ಮದೇ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಕೋಶದ ಡಿಎನ್‌ಎ ಕೆಟ್ಟಾಗ ಅದು ಮುಂದೆ ಬೆಳೆಯದಂತೆ ತಡೆಯೋದು ಈ ಪಿ53. ಮಾಮೂಲಾಗಿ ಕೋಶ ಇದನ್ನು ಬೇಗ ಒಡೆದುಹಾಕುತ್ತದೆ. ಅಜುರಿನ್ ಅಂಟಿದರೆ ಒಡೆಯೋದು ನಿಧಾನವಾಗುತ್ತದೆ, ಪಿ53 ಜಾಸ್ತಿ ಉಳಿಯುತ್ತದೆ, ಕೆಟ್ಟ ಕೋಶ ಸಾಯುತ್ತದೆ. ಇಲಿಗಳಲ್ಲಿ ಬೆಳೆಸಿದ ಮನುಷ್ಯರ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಮತ್ತು ಸ್ತನ ಕ್ಯಾನ್ಸರ್ ಗಡ್ಡೆಗಳ ಮೇಲೆ 2000ದ ದಶಕದ ಮೊದಲಲ್ಲೇ ಇದನ್ನು ನೋಡಿದ್ದಾರೆ, ಗಡ್ಡೆ ಬೆಳೆಯೋದು ಕಡಿಮೆಯಾಯಿತು.

ಆಮೇಲೆ ಇಡೀ ಪ್ರೋಟೀನ್ ಬಿಟ್ಟು ಅದರ 28 ಅಮೈನೋ ಆಮ್ಲಗಳ ತುಂಡನ್ನಷ್ಟೇ ತೆಗೆದುಕೊಂಡರು, ಅದಕ್ಕೆ ಪಿ28 ಅಂತ ಹೆಸರು. ರೋಗ ತುಂಬಾ ಮುಂದುವರಿದಿದ್ದ 15 ಜನರಿಗೆ ಕೊಟ್ಟು ನೋಡಿದ ವರದಿ 2013ರಲ್ಲಿ ಬಂತು. ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ, ಕೆಲವರಲ್ಲಿ ಗಡ್ಡೆ ಕುಗ್ಗಿತು ಕೂಡ. ಮಿದುಳಿನ ಗಡ್ಡೆ ಇದ್ದ ಮಕ್ಕಳಲ್ಲೂ ಪರೀಕ್ಷಿಸಿದರು. ಮಕ್ಕಳ ದೇಹ ಅದನ್ನು ತಡೆದುಕೊಂಡಿತು, ಆದರೆ ಗಡ್ಡೆ ಕುಗ್ಗಲಿಲ್ಲ. ಇವೆರಡೂ ಮೊದಲ ಹಂತದ ಪರೀಕ್ಷೆಗಳು, ಔಷಧಿ ಸುರಕ್ಷಿತವಾ, ಎಷ್ಟು ಕೊಡಬಹುದು ಅಂತ ನೋಡೋಕೆ ಮಾಡೋದು. ಕೆಲಸ ಮಾಡುತ್ತದೆ ಅಂತ ಹೇಳಬೇಕಾದರೆ ನೂರಾರು ಜನರನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಬೇಕು. ಇದೆಲ್ಲಾ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು, ಮುಚ್ಚಿಟ್ಟಿದ್ದಾರೆ ಅನ್ನೋದು ಸುಳ್ಳು.

ಎರಡು_ಮಕ್ಕಳ_ಅಮ್ಮ:
ಬ್ಯಾಕ್ಟೀರಿಯಾದಿಂದ ಔಷಧಿ ಬರುತ್ತಾ ಅಂತ ಕೇಳಿದ್ದೀರಿ, ನನ್ನ ಮಗನಿಗೆ ಕೊಟ್ಟಿದ್ದೇ ಅದು. ಅವನಿಗೆ ಎಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರ್ ಆಗಿತ್ತು. ಅದಕ್ಕೆ ಕೊಡುವ ಔಷಧಿಗಳಲ್ಲಿ ಎಲ್-ಆಸ್ಪರಾಜಿನೇಸ್ ಅಂತ ಒಂದು ಇಂಜೆಕ್ಷನ್ ಇದೆ, ಇ. ಕೋಲಿ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನ್. ಅಮೆರಿಕದಲ್ಲಿ 1978ರಲ್ಲೇ ಒಪ್ಪಿಗೆ ಸಿಕ್ಕಿದೆ. ಡಾಕ್ಟರು ನನಗೆ ಕೂರಿಸಿಕೊಂಡು ವಿವರಿಸಿದ್ದು ಹೀಗೆ: ಆಸ್ಪರಾಜಿನ್ ಅನ್ನೋ ಅಮೈನೋ ಆಮ್ಲವನ್ನು ನಮ್ಮ ಬಹುಪಾಲು ಕೋಶಗಳು ತಾವೇ ಮಾಡಿಕೊಳ್ಳುತ್ತವೆ, ಈ ಲ್ಯುಕೇಮಿಯಾ ಕೋಶಗಳಿಗೆ ಅದು ಸರಿಯಾಗಿ ಆಗೋದಿಲ್ಲ, ರಕ್ತದಿಂದಲೇ ತೆಗೆದುಕೊಳ್ಳಬೇಕು. ಔಷಧಿ ರಕ್ತದಲ್ಲಿರೋ ಆಸ್ಪರಾಜಿನನ್ನೇ ಒಡೆದುಹಾಕುತ್ತದೆ. ಹೊರಗಿನಿಂದ ಬರೋ ಅಕ್ಕಿ ನಿಲ್ಲಿಸಿದರೆ ಗದ್ದೆ ಇಲ್ಲದವನ ಮನೆ ಮಾತ್ರ ಉಪವಾಸ ಬೀಳುತ್ತದಲ್ವಾ, ಹಾಗೆ.

ಸುಲಭ ಇರಲಿಲ್ಲ ಅಂತಲೂ ಹೇಳಬೇಕು. ಅವನಿಗೆ ಅಲರ್ಜಿ ಆಯಿತು, ಮೈಯೆಲ್ಲಾ ದದ್ದು, ಉಸಿರಾಟ ಏರುಪೇರು. ಆಮೇಲೆ ಎರ್ವಿನಿಯಾ ಅನ್ನೋ ಬೇರೆ ಬ್ಯಾಕ್ಟೀರಿಯಾದಿಂದ ಬಂದ ಆಸ್ಪರಾಜಿನೇಸ್ ಕೊಟ್ಟರು, ಅದು ಒಗ್ಗಿತು. ಬೇರೆ ಕೀಮೋ ಔಷಧಿಗಳೂ ಜೊತೆಗೇ ಇದ್ದವು, ಇದೊಂದೇ ಅಲ್ಲ. ಈಗ ಶಾಲೆಗೆ ಹೋಗ್ತಾನೆ. ನಿಮ್ಮ ದೊಡ್ಡಮ್ಮನಿಗೆ ಧೈರ್ಯ ಹೇಳಿ, ಸುಸ್ತಿನ ಬಗ್ಗೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳೋಕೆ ಹೇಳಿ. ಎಷ್ಟೋ ಸಲ ಅದಕ್ಕೂ ಏನಾದರೂ ಮಾಡ್ತಾರೆ.

ಕುತೂಹಲಿ:
ಅಮ್ಮ, ನಿಮ್ಮ ಮಾತು ಓದಿ ಸಮಾಧಾನ ಆಯಿತು. ಮಗು ಚೆನ್ನಾಗಿರಲಿ. ಒಂದು ಸಂದೇಹ: ಆಸ್ಪರಾಜಿನೇಸ್ ಅಷ್ಟು ಹಿಂದೆಯೇ ಬಂದಿದೆ ಅಂದರೆ, ಉಳಿದ ಕ್ಯಾನ್ಸರ್‌ಗಳಿಗೆ ಇಂಥವು ಯಾಕೆ ಬರಲಿಲ್ಲ?

ಫಾರ್ಮಸಿಸ್ಟ್:
ಬಂದಿವೆ, ಆದರೆ ಕೆಲವೇ. ಅಡ್ಡಿ ಏನು ಅಂದರೆ, ಬ್ಯಾಕ್ಟೀರಿಯಾದ ಪ್ರೋಟೀನ್ ಒಳಗೆ ಬಂದ ಕೂಡಲೇ ನಮ್ಮ ದೇಹ ಅದನ್ನು ಶತ್ರು ಅಂತ ಗುರುತಿಸುತ್ತದೆ, ಅದನ್ನು ಹಿಡಿದುಹಾಕುವ ಆಂಟಿಬಾಡಿ ಅನ್ನೋ ಪ್ರೋಟೀನ್ ಮಾಡುತ್ತದೆ. ಒಂದೋ ಮೇಲೆ ಹೇಳಿದ ಹಾಗೆ ಅಲರ್ಜಿ, ಇಲ್ಲವಾದರೆ ಹೊರಗೆ ಏನೂ ಕಾಣದೆ ಔಷಧಿ ಸುಮ್ನೆ ವ್ಯರ್ಥವಾಗುತ್ತದೆ. ಈ ಎರಡನೆಯದು ಇನ್ನೂ ಕೆಟ್ಟದ್ದು, ಯಾಕಂದರೆ ರಕ್ತ ಪರೀಕ್ಷೆ ಮಾಡದೆ ಗೊತ್ತೇ ಆಗೋದಿಲ್ಲ.

ಡಿಫ್ತೀರಿಯಾ ರೋಗ ತರುವ ವಿಷವನ್ನೂ ಔಷಧಿ ಮಾಡಿದ್ದಾರೆ. ಆ ವಿಷ ಕೋಶ ಪ್ರೋಟೀನ್ ತಯಾರಿಸೋದನ್ನೇ ನಿಲ್ಲಿಸುತ್ತದೆ. ವಿಷದ ಕೊಲ್ಲುವ ಭಾಗ ಉಳಿಸಿಕೊಂಡು, ಎಲ್ಲಾ ಕೋಶಗಳಿಗೂ ಅಂಟುವ ಭಾಗ ಕತ್ತರಿಸಿ, ಆ ಜಾಗದಲ್ಲಿ ಕ್ಯಾನ್ಸರ್ ಕೋಶದ ಮೇಲಿನ ಗುರುತನ್ನು ಹುಡುಕುವ ತುಂಡು ಜೋಡಿಸುತ್ತಾರೆ. ಟಾಗ್ರಾಕ್ಸೋಫಸ್ಪ್ ಅಂತ ಒಂದಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಒಂದು ತೀರಾ ಅಪರೂಪದ ರಕ್ತದ ಕ್ಯಾನ್ಸರ್‌ಗೆ. ಅದರ ದೊಡ್ಡ ಅಪಾಯ ಅಂದರೆ ರಕ್ತನಾಳಗಳಿಂದ ದ್ರವ ಸೋರಿ ಬಿಪಿ ಬಿದ್ದುಹೋಗೋದು. ಅದಕ್ಕೇ ರೋಗಿಯ ತೂಕ, ರಕ್ತದಲ್ಲಿರೋ ಅಲ್ಬುಮಿನ್ ಅನ್ನೋ ಪ್ರೋಟೀನ್ ಎಲ್ಲಾ ನೋಡ್ತಾ ಇರಬೇಕು. ಸ್ಯೂಡೋಮೊನಾಸ್‌ನ ವಿಷದಿಂದಲೂ ಅದೇ ವರ್ಷ ಒಂದು ಔಷಧಿ ಬಂದಿತ್ತು, ಆಮೇಲೆ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ಹೋಯಿತು.

ಗಮನಿಸಿ, ಇವೆಲ್ಲಾ ಹೆಚ್ಚಾಗಿ ರಕ್ತದ ಕ್ಯಾನ್ಸರ್‌ಗಳೇ. ರಕ್ತದಲ್ಲಿರುವ ಕೋಶ ಔಷಧಿಯ ಕೈಗೆ ಸಿಗುತ್ತದೆ. ಗಟ್ಟಿ ಗಡ್ಡೆಯ ಒಳಗಿನ ತನಕ ದೊಡ್ಡ ಪ್ರೋಟೀನ್ ಹೋಗೋದು ಕಷ್ಟ, ಅಷ್ಟರಲ್ಲಿ ಆಂಟಿಬಾಡಿ ಹಿಡಿದುಬಿಡುತ್ತದೆ. ಪಿ28ರ ಥರ ಚಿಕ್ಕ ತುಂಡುಗಳ ಮೇಲೆ ಜನರಿಗೆ ಆಸೆ ಇರೋದು ಅದಕ್ಕೇ, ನನಗೂ ಇದೆ.

ಕೊನೆಯದಾಗಿ ಒಂದು ಮಾತು. ಆನ್‌ಲೈನ್‌ನಲ್ಲಿ ಯಾರಾದರೂ ಅಜುರಿನ್ ಅಥವಾ ಪಿ28 ಕಳಿಸ್ತೀವಿ, ದುಡ್ಡು ಹಾಕಿ ಅಂದರೆ ಹಾಕಬೇಡಿ. ಸೀಸೆಯಲ್ಲಿ ಏನಿದೆ, ಶುದ್ಧವಾಗಿದೆಯಾ ಅಂತ ನೋಡೋರು ಯಾರೂ ಇರೋದಿಲ್ಲ. ಕೀಮೋದಲ್ಲಿರುವವರಿಗೆ ಬಿಳಿರಕ್ತಕಣ ಕಡಿಮೆ ಇರುತ್ತದೆ, ಕೊಳಕು ಇಂಜೆಕ್ಷನ್‌ನಿಂದ ಸೋಂಕಾದರೆ ಜೀವಕ್ಕೇ ಅಪಾಯ. ನಿಜವಾದ ಪರೀಕ್ಷೆಗೆ ಸೇರಬೇಕು ಅಂತಿದ್ದರೆ ದೊಡ್ಡಮ್ಮನ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ, ರಿಪೋರ್ಟ್ ಎಲ್ಲಾ ಅವರ ಹತ್ತಿರವೇ ಇರುತ್ತದೆ.

ಕುತೂಹಲಿ:
ಮೂವರಿಗೂ ಧನ್ಯವಾದ. ಇದನ್ನೆಲ್ಲಾ ದೊಡ್ಡಮ್ಮನಿಗೆ ಇವತ್ತು ರಾತ್ರಿ ಓದಿ ಹೇಳ್ತೀನಿ. ಮುಂದಿನ ಕೀಮೋಗೆ ನಾನೇ ಜೊತೆಗೆ ಹೋಗಿ ಸುಸ್ತಿನ ವಿಷಯ ಕೇಳ್ತೀನಿ.