ಪಣಜಿ ಪೇಟೆಯಲ್ಲಿ ಗೈಡ್ ಜೊತೆ ತಿಂಡಿ ನಡಿಗೆ: ಬೆಳಿಗ್ಗೆಯೋ ಸಂಜೆಯೋ? ಸಸ್ಯಾಹಾರಿಗಳು ಬರಬಹುದೋ?

ವಾಸ್ಕೋ_ಧಾರವಾಡ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಡಿಸೆಂಬರ್ ಎರಡನೇ ವಾರ ಧಾರವಾಡದಿಂದ ಮನಿ ಮಂದಿ ಐದು ಜನ ವಾಸ್ಕೋಕ್ಕ ಬರಾಕತ್ತಾರ. ಬೀಚ್ ಎಲ್ಲಾ ಹಿಂದಿನ ಸಲನ ಆಗೇತಿ. ಈ ಸಲ ಪಣಜಿ ಪೇಟಿ ಒಳಗ ಗೈಡ್ ಹಿಡಕೊಂಡು, ನಡಕೋತ ತಿನ್ನೋ ಟೂರ್ ಮಾಡಸೋಣ ಅಂತ ವಿಚಾರ. ಐದರಾಗ ಇಬ್ರು ಪಕ್ಕಾ ಸಸ್ಯಾಹಾರಿ, ತತ್ತಿನೂ ಮುಟ್ಟಂಗಿಲ್ಲ. ಒಬ್ರಿಗೆ ಸೀಗಡಿ ಅಲರ್ಜಿ. ಅತ್ತಿಯವರಿಗೆ 68, ಮೊಣಕಾಲು ನೋವು, ಒಂದ ಸಮನ ಬಾಳ ನಡಿಯೂದು ಆಗಂಗಿಲ್ಲ. ಬೆಳಿಗ್ಗಿ ಟೂರ್ ಛಲೋನೋ ಸಂಜಿದೋ? ಬುಕ್ ಮಾಡೋಕಿಂತ ಮೊದಲ ಏನೇನು ಕೇಳಬೇಕು? ಫೀನಿ, ಸಿಹಿ, ಗೋಡಂಬಿ ಊರಿಗೆ ಒಯ್ಯೂದಿದ್ರ ಏನು ನೋಡಬೇಕು? ತಿಳಿದವರು ಸ್ವಲ್ಪ ಹೇಳ್ರಿ.

ಮಾಂಡವಿ_ದಂಡೆ:

ಬೆಳಿಗ್ಗೆಯೋ ಸಂಜೆಯೋ ಅನ್ನುವುದರಲ್ಲೇ ನಿಮ್ಮ ಮೆನು ತೀರ್ಮಾನವಾಗಿಬಿಡುತ್ತದೆ. ಪಣಜಿಯಲ್ಲಿ ಒಂದೊಂದು ತಿಂಡಿಗೆ ಒಂದೊಂದು ಹೊತ್ತು. ಬ್ರೆಡ್ ಮಾರುವ ಪೊದೇರ್ ಸೈಕಲ್ಲಿನಲ್ಲಿ ಹಾರ್ನ್ ಒತ್ತಿಕೊಂಡು ಬರುವುದು ಬೆಳಗ್ಗೆ ಒಮ್ಮೆ, ಇಳಿಹೊತ್ತಿಗೆ ಇನ್ನೊಮ್ಮೆ. ಬೂಸಾ ಮೆತ್ತಿದ ಪೊಯ್ ಆಗಲಿ, ಬಳೆಯಾಕಾರದ ಗರಿಗರಿ ಕಾಂಕಣ್ ಆಗಲಿ, ಒಲೆಯಿಂದ ಇಳಿದ ಒಂದೆರಡು ಗಂಟೆಯೊಳಗೆ ತಿಂದರೇ ಅದರ ರುಚಿ. ಭಾಜಿ-ಪಾವ್ ಮತ್ತು ಬನ್ಸ್ 7.30ರಿಂದ 10.30ರವರೆಗೆ ಬಿಸಿಬಿಸಿ ಸಿಗುತ್ತವೆ. ಮೀನಿನ ಊಟ 12.30ಕ್ಕೆ ಶುರು, 2.30 ದಾಟಿದರೆ ಒಳ್ಳೆಯ ತುಂಡುಗಳು ಖಾಲಿ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ತನಕ ಬಹಳಷ್ಟು ಅಂಗಡಿಗಳು ಶಟರ್ ಎಳೆದು ಮಲಗುತ್ತವೆ. ರೋಸ್ ಆಮ್ಲೆಟ್ ಗಾಡಿಗಳು ಹೊರಬೀಳುವುದು ಸಂಜೆ ಕತ್ತಲಾಗುವ ಹೊತ್ತಿಗೆ.

ಹಾಗಾಗಿ 11 ಗಂಟೆಗೆ ಶುರುವಾಗುವ ಟೂರ್ ಯಾರಾದರೂ ಹೇಳಿದರೆ ಬೇಡ ಅನ್ನಿ. ಭಾಜಿಯ ಪಾತ್ರೆ ತಳ ಕಂಡಿರುತ್ತದೆ, ಊಟ ಇನ್ನೂ ಎದ್ದಿರುವುದಿಲ್ಲ, ಬಿಸಿಲು ಬೇರೆ. ನಿಮ್ಮ ಗುಂಪಿನಲ್ಲಿ ಇಬ್ಬರು ಸಸ್ಯಾಹಾರಿಗಳು ಇರುವುದರಿಂದ ಬೆಳಿಗ್ಗೆ 8ರ ಟೂರೇ ಸರಿ. ಸಂಜೆಯ ಮೆನುವಿನಲ್ಲಿ ಚೊರೀಸ್-ಪಾವ್ (ಹಂದಿಮಾಂಸದ ಸಾಸೇಜ್), ಕಟ್ಲೆಟ್-ಪಾವ್, ಕಾಫ್ರೆಯಲ್ (ಹಸಿರು ಮಸಾಲೆಯ ಕೋಳಿ), ರೋಸ್ ಆಮ್ಲೆಟ್ ತುಂಬಿಕೊಂಡಿರುತ್ತವೆ. ಅವರಿಬ್ಬರು ಸೋಡಾ ಕುಡಿದು ಬರಬೇಕಾದೀತು.

ದಾರಿ ಹೀಗಿರಲಿ: ಕದಂಬ ಬಸ್ ಸ್ಟ್ಯಾಂಡಿನಿಂದ ಊರೆಂ ಹಳ್ಳ ದಾಟಿ ಹಳೆಯ ಪೋರ್ಚುಗೀಸ್ ಮನೆಗಳ ಕೇರಿ ಫೊಂತೈನ್ಯಾಸ್, ಅಲ್ಲಿಂದ ಚರ್ಚ್ ಚೌಕ, ಮುನ್ಸಿಪಲ್ ಗಾರ್ಡನ್, 18 ಜೂನ್ ರಸ್ತೆ, ಕೊನೆಗೆ ಮಾರ್ಕೆಟ್. ಎರಡೂವರೆ ಕಿಲೋಮೀಟರ್ ಆಸುಪಾಸು, ಹೆಚ್ಚುಕಡಿಮೆ ಸಮತಟ್ಟು. ಆಲ್ತಿನೊ ಗುಡ್ಡ, ಮಳಾದ ಮಾರುತಿ ಗುಡಿ, ಚರ್ಚಿನ ಮೆಟ್ಟಿಲು ಇವನ್ನು ಅತ್ತೆಯವರಿಗಾಗಿ ಬಿಟ್ಟುಬಿಡಿ, ಚರ್ಚನ್ನು ಕೆಳಗಿನ ಚೌಕದಿಂದಲೇ ನೋಡಬಹುದು. ಫುಟ್‌ಪಾತಿನ ಚಪ್ಪಡಿಗಳು ಏರುಪೇರು. ಹಿಂಭಾಗ ಬಿಗಿಯಿರುವ ಚಪ್ಪಲಿ ಹಾಕಿಸಿ. ಗಾರ್ಡನ್ ಹತ್ತಿರ ನಡಿಗೆಯ ಅರ್ಧ ಮುಗಿದಿರುತ್ತದೆ, ಕೂತು ತಿನ್ನುವ ನಿಲ್ದಾಣ ಅಲ್ಲೇ ಇಡಲು ಗೈಡ್‌ಗೆ ಹೇಳಿ. ಶೌಚಾಲಯದ ಚಿಂತೆಯೂ ಅಲ್ಲೇ ಮುಗಿಯುತ್ತದೆ.

ಇನ್ನು ಪ್ರಮಾಣ. ಮೂರು ಗಂಟೆಯ ನಡಿಗೆಗೆ ಆರು ನಿಲ್ದಾಣ ಸಾಕು, ಎಂಟು ಅಂದರೆ ಕೊನೆಯ ಎರಡನ್ನು ಯಾರೂ ಮುಟ್ಟುವುದಿಲ್ಲ. ಹೊಟ್ಟೆ ತುಂಬಿಸುವುದು ಭಾಜಿಯಲ್ಲ, ಪಾವ್. ಐದು ಜನಕ್ಕೆ ಎರಡು ಪ್ಲೇಟ್ ಮಿಕ್ಸ್ ಭಾಜಿ, ಐದು ಪಾವ್, ಎರಡು ಬನ್ಸ್ ಹರಿದು ಹಂಚಿಕೊಳ್ಳಿ. ಮಿಕ್ಸ್ ಅಂದರೆ ಕೆಳಗೆ ಒಣ ಆಲೂಗಡ್ಡೆಯ ಸುಕಿ ಭಾಜಿ, ಅದರ ಮೇಲೆ ತೆಂಗಿನ ಮಸಾಲೆಯ ತೆಳು ಪಾತಳ್ ಭಾಜಿ, ಮೇಲೆ ಹಸಿ ಈರುಳ್ಳಿ, ನಿಂಬೆ. ಪಾವನ್ನು ಪಾತಳ್‌ನಲ್ಲಿ ಅದ್ದಿ ಕೂಡಲೇ ಬಾಯಿಗಿಡಬೇಕು, ಮಾತಾಡುತ್ತಾ ಕೂತರೆ ಕೈಯಲ್ಲೇ ಕರಗಿ ಬೀಳುತ್ತದೆ. ಮೊದಲ ನಿಲ್ದಾಣದಲ್ಲೇ ತಲೆಗೊಂದು ಪೂರ್ತಿ ಪ್ಲೇಟ್ ಕೊಡಿಸುವ ಗೈಡ್ ಉದಾರಿಯಲ್ಲ, ಮುಂದಿನ ನಿಲ್ದಾಣಗಳ ಖರ್ಚು ಉಳಿಸುತ್ತಿದ್ದಾನೆ.

ಕಾರವಾರ್_ಕುಚಲಕ್ಕಿ:

ಮೇಲಿನವರು ಹೇಳಿದ್ದು ಸರಿ. ಸಸ್ಯಾಹಾರದ ಬಗ್ಗೆ ಇನ್ನಷ್ಟು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ‘ವೆಜ್ ಉಂಟಾ’ ಅಂತ ಕೇಳಿದರೆ ಎಲ್ಲರೂ ಉಂಟು ಅಂತಾರೆ.

ರೋಸ್ ಆಮ್ಲೆಟ್‌ನ ರೋಸ್ ಅಂದರೆ ಕೋಳಿ ಶಾಕುತಿಯ ಸಾರು. ಹುರಿದ ತೆಂಗು, ಕೊತ್ತಂಬರಿ, ಒಣಮೆಣಸು, ಗಸಗಸೆ ಅರೆದು ಮಾಡಿದ್ದು. ಆಮ್ಲೆಟ್ ಮೇಲೆ ಸೌಟಿನಿಂದ ಸುರಿಯುವಾಗ ಚೂರು ಮಾಂಸ ಬರದೇ ಇರಬಹುದು, ಬೆಂದದ್ದು ಮಾತ್ರ ಕೋಳಿಯ ಜೊತೆಗೇ. ತತ್ತಿ ತಿಂದು ಮಾಂಸ ತಿನ್ನದವರೂ ಇಲ್ಲಿ ಎಡವುತ್ತಾರೆ. ಕೆಲವು ಕಡೆ ಕಡಲೆಯ ರೋಸ್ ಬೇರೆ ಇರುತ್ತದೆ, ಅದನ್ನು ಹೆಸರು ಹೇಳಿಯೇ ಕೇಳಿ.

ಎರಡನೆಯದು ಒಣಸೀಗಡಿ. ನಿಮ್ಮ ಅಲರ್ಜಿಯವರಿಗೂ ಸಸ್ಯಾಹಾರಿಗಳಿಗೂ ಇದೇ ದೊಡ್ಡ ತೊಡಕು. ಮೀನೂಟದ ತಟ್ಟೆಯಲ್ಲಿ ಮೂಲೆಗೆ ಕೋಸಂಬರಿಯ ಹಾಗೆ ಕಾಣುವ ಕಿಸ್ಮೂರ್ ಹುರಿದ ಒಣಸೀಗಡಿ, ಕಾಯಿತುರಿ, ಈರುಳ್ಳಿ ಕಲಸಿದ್ದು. ಮೀನು ಹೋಟೆಲುಗಳಲ್ಲಿ ಬೆಂಡೆ, ನುಗ್ಗೆ, ಸೋರೆ ಪಲ್ಯಕ್ಕೂ ಸೀಗಡಿ ಬೀಳುವುದುಂಟು. ಮೇಲಾಗಿ ಮೀನು, ಸೀಗಡಿ ಎರಡನ್ನೂ ರವೆ ಹಚ್ಚಿ ಕರಿಯುವುದು ಒಂದೇ ಎಣ್ಣೆಯಲ್ಲಿ. ಹಾಗಾಗಿ ಅಲರ್ಜಿ ಇದ್ದವರು ಸೀಗಡಿ ಬಿಟ್ಟು ಬಂಗುಡೆ ಫ್ರೈ ತಿಂದರೂ ಸುರಕ್ಷಿತ ಅಲ್ಲ. ತವಾ ಬೇರೆಯಾ, ಎಣ್ಣೆ ಬೇರೆಯಾ ಅಂತ ಅಡುಗೆಯವನನ್ನೇ ಕೇಳಿಸಬೇಕು. ಅಲರ್ಜಿ ಜೋರಿದ್ದರೆ ಮೀನೂಟದ ನಿಲ್ದಾಣವನ್ನೇ ಬಿಡಿ, ಡಾಕ್ಟರು ಕೊಟ್ಟ ಔಷಧಿ ಕೈಚೀಲದಲ್ಲಿರಲಿ.

ಬೇಕರಿಯಲ್ಲಿ ಕ್ರೊಕೆಟ್, ಪ್ಯಾಟಿಸ್ ಒಳಗೆ ದನದ ಮಾಂಸ ಸಾಮಾನ್ಯ. ಹೊರಗಿನಿಂದ ನೋಡಿ ಗೊತ್ತಾಗುವುದಿಲ್ಲ. ಇದನ್ನು ಯಾರೂ ಮುಚ್ಚಿಡುವುದಿಲ್ಲ, ಕೇಳಿದರೆ ನೇರವಾಗಿ ಹೇಳುತ್ತಾರೆ. ವೆಜ್ ಪಫ್ಸ್ ಮೇಲಿನ ಹೊಳಪು ಹಲವು ಕಡೆ ತತ್ತಿಯದ್ದು.

ಸಿಹಿಯಲ್ಲಿ ಬೆಬಿಂಕ್ ನಿಮ್ಮವರಿಗೆ ಆಗುವುದಿಲ್ಲ, ತತ್ತಿಯ ಹಳದಿ ಇಲ್ಲದೆ ಅದು ಇಲ್ಲವೇ ಇಲ್ಲ. ಬೋಲಿನ್ಯಾಸ್, ಬಾತಿಕಗಳಲ್ಲೂ ತತ್ತಿ. ದೋದೊಲ್ ಆಗುತ್ತದೆ: ತೆಂಗಿನ ಹಾಲು, ಅಕ್ಕಿಹಿಟ್ಟು, ತಾಳೆಬೆಲ್ಲ. ಕಡಲೆಬೇಳೆ-ತೆಂಗಿನ ದೋಸ್, ಪೇರಲೆಯ ಪೆರಾದ್ ಆಗುತ್ತವೆ. ಫೊಂತೈನ್ಯಾಸಿನ 31 ದೆ ಜನೈರೊ ಬೇಕರಿಗೆ ಎಲ್ಲ ಟೂರುಗಳೂ ಕರೆದೊಯ್ಯುತ್ತವೆ. ಹೋಗುವ ಮುಂಚೆಯೇ ಯಾವುದು ತತ್ತಿಯಿಲ್ಲದ್ದು ಅಂತ ಗೈಡ್ ಕೈಲಿ ಬೇರೆ ಇಡಿಸಿಕೊಳ್ಳಿ. ಬೆಳಗಿನ ಕೂತು ತಿನ್ನುವ ನಿಲ್ದಾಣಕ್ಕೆ ಗಾರ್ಡನ್ ಕಡೆಯ ಕೆಫೆ ತಾತೊ ಒಳ್ಳೆಯ ಆಯ್ಕೆ, ಅದು ಪೂರ್ತಿ ಸಸ್ಯಾಹಾರಿ. ಅಲ್ಲಿ ಈ ಯಾವ ಪ್ರಶ್ನೆಯೂ ಬೇಡ.

ಕುಂದಾಪ್ರ_ಕೋಕಂ:

ಪಣಜಿ ಯಾಕೆ ಮಾರಾಯ್ರೆ, ಮಡಗಾಂವಿಗೆ ಹೋಗಿ. ವಾಸ್ಕೋದಿಂದ ಅದೂ ಹತ್ತಿರವೇ. ಮುಚ್ಚಿಗೆ ಮಾರ್ಕೆಟ್ಟಿನ ಒಳಗೆ ಒಂದು ಸುತ್ತು ಹಾಕಿದರೆ ಚೊರೀಸ್ ಮಾಲೆ, ಒಣಮೀನು, ಕೋಕಂ ಸಿಪ್ಪೆ, ತೆಂಗಿನ ವಿನೆಗರ್ ಎಲ್ಲ ಒಂದೇ ಸೂರಿನ ಕೆಳಗೆ. ಸೆಲ್ಫಿ ತೆಗೆಯುವವರ ಕಾಟ ಇಲ್ಲ.

ಮಾಂಡವಿ_ದಂಡೆ:

ಮಡಗಾಂವ್ ಮಾರ್ಕೆಟ್ ಸಾಮಾನು ಕೊಳ್ಳಲಿಕ್ಕೆ ಪಣಜಿಗಿಂತ ಮೇಲು, ತಕರಾರಿಲ್ಲ. ಆದರೆ ಓಣಿಗಳು ಇಕ್ಕಟ್ಟು, ಮೀನಿನ ಕಡೆ ನೆಲ ಜಾರುತ್ತದೆ, ಕೂರಲು ಜಾಗ ಕಡಿಮೆ. ಮೊಣಕಾಲು ನೋವಿನವರಿಗೆ ಹೇಳಿದ್ದಲ್ಲ. ಸೆಲ್ಫಿ ವಿಷಯಕ್ಕೆ ಬಂದರೆ, ಫೊಂತೈನ್ಯಾಸ್‌ನಲ್ಲಿ ಜನ ವಾಸ ಇರುವ ಮನೆಗಳವು. ಫೋಟೊ ತೆಗೆಯಬೇಡಿ ಅಂತ ಬೋರ್ಡ್ ಹಾಕಿದ ಬಾಗಿಲ ಮುಂದೆ ನಿಲ್ಲಿಸಿ ಫೋಟೊ ಹೊಡೆಸುವ ಗೈಡ್ ಆದರೆ ಅವನ ಉಳಿದ ಮಾತನ್ನೂ ಅಷ್ಟಕ್ಕಷ್ಟೇ ನಂಬಿ.

ಪಾಟೊ_ಪ್ಲಾಟ್‌ಫಾರ್ಮ್:

ಬುಕಿಂಗ್ ಬಗ್ಗೆ ಯಾರೂ ಹೇಳಿಲ್ಲ. ಫೋನಿನಲ್ಲಿ ಅಲ್ಲ, ವಾಟ್ಸಾಪಿನಲ್ಲಿ ಬರೆದು ಕೇಳಿ, ಉತ್ತರ ಬರಹದಲ್ಲಿ ಉಳಿಯಲಿ. ಮೊದಲನೆಯದಾಗಿ, ಹೇಳಿದ ದರದಲ್ಲಿ ತಿಂಡಿಯ ದುಡ್ಡು ಸೇರಿದೆಯೋ ಅಥವಾ ಅದು ಬರೀ ಗೈಡ್ ಶುಲ್ಕವೋ? ಜಗಳ ಆಗುವುದೆಲ್ಲ ಇದರಲ್ಲೇ. ಸೇರಿದೆ ಅಂದರೆ ಎಷ್ಟು ನಿಲ್ದಾಣ, ಪ್ರತಿ ನಿಲ್ದಾಣದಲ್ಲಿ ತಲೆಗೆ ಏನು, ನೀರಿನ ಬಾಟಲಿ ಒಳಗೋ ಹೊರಗೋ, ಮದ್ಯ ಬೇರೆಯೋ ಕೇಳಿ. ಆಮೇಲೆ ಗುಂಪಿನ ಗಾತ್ರ. ಎಂಟು ದಾಟಿದರೆ ಗಾಡಿಯ ಮುಂದೆ ಅರ್ಧ ಜನ ರಸ್ತೆಯಲ್ಲಿ ನಿಲ್ಲಬೇಕು, ಗೈಡ್ ಹೇಳಿದ್ದು ಹಿಂದಿನವರಿಗೆ ಕೇಳುವುದಿಲ್ಲ. ನೀವು ಐದು ಜನ ಇರುವುದರಿಂದ ಪ್ರತ್ಯೇಕ ಟೂರಿನ ದರವನ್ನೂ ಕೇಳಿ ನೋಡಿ. ಸಸ್ಯಾಹಾರ, ಅಲರ್ಜಿ, ನಿಧಾನದ ನಡಿಗೆ ಮೂರೂ ಇರುವಾಗ ಹೊರಗಿನವರ ಜೊತೆ ಸೇರಿದರೆ ಇಬ್ಬರಿಗೂ ಕಿರಿಕಿರಿ.

ಗೋವಾದಲ್ಲಿ 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆ ಪ್ರಕಾರ ಗೈಡ್‌ಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಕಾರ್ಡಿನ ಫೋಟೊ ಕಳಿಸಿ ಅಂದರೆ ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಯಾವುದಾದರೂ ಅಂಗಡಿ ಮುಚ್ಚಿದ್ದರೆ ಬದಲಿ ಏನು ಅನ್ನುವುದನ್ನೂ ಕೇಳಿ. ಊರು ಬಲ್ಲವನು ಥಟ್ಟನೆ ಎರಡು ಹೆಸರು ಹೇಳುತ್ತಾನೆ, ಬಾಯಿಪಾಠದವನು ತಡವರಿಸುತ್ತಾನೆ. ಮುಂಗಡ ಅರ್ಧಕ್ಕಿಂತ ಹೆಚ್ಚು ಬೇಡ. ಕಾರು ತರಬೇಡಿ. ವಾಸ್ಕೋದಿಂದ ಕದಂಬದ ಶಟಲ್ ಬಸ್ಸು ನಿಮ್ಮನ್ನು ನಡಿಗೆ ಶುರುವಾಗುವ ಜಾಗದ ಪಕ್ಕದಲ್ಲೇ ಇಳಿಸುತ್ತದೆ. ಪಣಜಿಯಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಭಾಜಿ ಆರಿರುತ್ತದೆ.

ವಾಸ್ಕೋ_ಧಾರವಾಡ:

ಬಾಳ ಉಪಕಾರ ಆತ್ರಿ ಎಲ್ಲಾರ್ದೂ. ಬೆಳಿಗ್ಗಿ 8ಕ್ಕ, ಪ್ರತ್ಯೇಕ ಟೂರ್, ಅಂತ ಆತು. ಒಬ್ರು ಗೈಡ್ ‘ಉರಾಕ್ ಕುಡಿಸ್ತೀನಿ’ ಅಂತ ಅಂದಾರ, ಅದು ಡಿಸೆಂಬರ್‌ದಾಗ ಸಿಗ್ತೈತೇನು? ಊರಿಗೆ ಒಯ್ಯೋ ಸಾಮಾನಿನ ಬಗ್ಗೆನೂ ಹೇಳ್ರಿ.

ಕುಂದಾಪ್ರ_ಕೋಕಂ:

ಇಲ್ಲ. ಗೇರುಹಣ್ಣು ಬರುವುದು ಬೇಸಿಗೆಯಲ್ಲಿ, ಉರಾಕ್ ಮಾರ್ಚಿಯಿಂದ ಮೇವರೆಗಿನ ಸರಕು. ಮೊದಲ ಬಟ್ಟಿ ಇಳಿಸಿದ್ದು ಉರಾಕ್, ಅದನ್ನು ಮತ್ತೆ ಬಟ್ಟಿಗೆ ಹಾಕಿದ್ದು ಫೀನಿ. ಉರಾಕ್ ಬಹಳ ದಿನ ಇಟ್ಟರೆ ಕೆಡುತ್ತದೆ, ಡಿಸೆಂಬರಿಗೆ ಉಳಿಯುವ ವಸ್ತು ಅಲ್ಲ ಅದು. ಆ ಹೆಸರಲ್ಲಿ ಡಿಸೆಂಬರಿನಲ್ಲಿ ಕೊಡುವುದು ಏನೋ, ಕುಡಿಯಬೇಡಿ. ಫೀನಿ ವರ್ಷವಿಡೀ ಸಿಗುತ್ತದೆ. 2009ರಲ್ಲಿ ಗೇರು ಫೀನಿಗೆ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಶೇಕಡಾ 42ರ ಆಸುಪಾಸಿನ ಮದ್ಯ, ಬೆಳಿಗ್ಗೆ ಹತ್ತು ಗಂಟೆಗೆ ಖಾಲಿ ಹೊಟ್ಟೆಗೆ ಬೇಡ. 30 ಮಿಲಿ, ನಿಂಬೆ, ಉಪ್ಪು, ಸೋಡಾ, ಸೀಳಿದ ಹಸಿಮೆಣಸು, ಸಾಕು. ಬಾರಿನ ಒಳಗೇ ಕೂತು ಕುಡಿಯಿರಿ, ರಸ್ತೆಯಲ್ಲಿ ಲೋಟ ಹಿಡಿದರೆ ದಂಡ.

ಊರಿಗೆ ಒಯ್ಯುವುದಾದರೆ, ಪರ್ಮಿಟ್ ಇಲ್ಲದ ಬಾಟಲಿಯನ್ನು ಗಡಿಯ ಮಾಜಾಳಿಯಲ್ಲೋ ಅನಮೋಡದಲ್ಲೋ ಅಬಕಾರಿಯವರು ಬಿಡುವುದಿಲ್ಲ. ಕರ್ನಾಟಕಕ್ಕೆ ಒಯ್ಯಲು ಈಗಿನ ನಿಯಮ ಏನು ಅಂತ ಅಬಕಾರಿಯವರಲ್ಲೇ ಕೇಳಿಕೊಂಡು ಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ. ಗೋಡಂಬಿಗೆ 18 ಜೂನ್ ರಸ್ತೆ. ಪೊಟ್ಟಣದ ಮೇಲೆ ಡಬ್ಲ್ಯೂ 240, ಡಬ್ಲ್ಯೂ 320 ಅಂತ ಇರುತ್ತದೆ. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ಬೀಜ ತೂಗುತ್ತದೆ ಅನ್ನುವ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಬೀಜ ದೊಡ್ಡದು, ಬೆಲೆಯೂ ಹೆಚ್ಚು. ಉಂಡೆ, ಪಾಯಸಕ್ಕೆ ಆದರೆ ಒಡೆದ ಬೀಜವೇ ಸಾಕು, ರುಚಿಯಲ್ಲಿ ವ್ಯತ್ಯಾಸ ಇಲ್ಲ. ದೋದೊಲ್ ಎಣ್ಣೆ ಬಿಡುತ್ತದೆ, ಬಟ್ಟೆಯ ಚೀಲಕ್ಕೆ ಹಾಕಬೇಡಿ, ಸ್ಟೀಲ್ ಡಬ್ಬಿ ತನ್ನಿ.

ಮಾಂಡವಿ_ದಂಡೆ:

ಒಂದು ವಿಷಯ ಬಿಟ್ಟುಹೋಯಿತು. ಡಿಸೆಂಬರ್ 8 ಚರ್ಚ್ ಚೌಕದ ಮೇರಿ ಅಮ್ಮನವರ ಫೆಸ್ತ್, ಅಂದರೆ ಚರ್ಚಿನ ಹಬ್ಬ. ಆ ದಿನವೂ ಅದರ ಆಚೀಚೆಯೂ ಚೌಕದಲ್ಲಿ ಜಾತ್ರೆಯ ಜನ, ಅತ್ತೆಯವರನ್ನು ನಡೆಸಿಕೊಂಡು ಹೋಗುವುದು ಕಷ್ಟ. ಆದರೆ ಸಾಲಾಗಿ ಖಾಜೆ ಅಂಗಡಿ ಹಾಕಿರುತ್ತಾರೆ. ಕಡಲೆಹಿಟ್ಟಿನ ಕಡ್ಡಿಗೆ ಬೆಲ್ಲ-ಶುಂಠಿ ಪಾಕ ಹಿಡಿಸಿದ್ದು, ತತ್ತಿ ಇಲ್ಲ, ನಿಮ್ಮ ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದ್ದು. 10ರ ಮೇಲೆ ಒಂದು ದಿನ ಹಿಡಿಯಿರಿ, ಜಾತ್ರೆಯ ಅಂಗಡಿಗಳನ್ನು ಇನ್ನೂ ಕಿತ್ತಿರದಿದ್ದರೆ ಖಾಜೆಯೂ ಆಯಿತು. ಭಾನುವಾರ ಮಾತ್ರ ಬೇಡ, ಪೇಟೆಯ ಬಹಳಷ್ಟು ತಿಂಡಿ ಹೋಟೆಲುಗಳಿಗೆ ಅಂದು ರಜೆ.