ಸಹಾಯ ಬೇಕು: ಡೋನರ್ ಕಾರ್ಡ್ ತೋರಿಸಿದ್ರೆ ರಕ್ತ ಸಿಗುತ್ತಾ?

ದಾವಣಗೆರೆ ನಿಟುವಳ್ಳಿ ಹುಡುಗ್ರು ನಾವು. ನಮ್ಮ ಓಣಿಯ ಆರು ವರ್ಷದ ಪಾಪುಗೆ ಥಲಸೀಮಿಯಾ ಅನ್ನೋ ರಕ್ತದ ಕಾಯಿಲೆ, ಮೂರು ವಾರಕ್ಕೊಮ್ಮೆ ರಕ್ತ ಏರಿಸ್ಬೇಕು. ಹನ್ನೊಂದು ಜನ ಹುಮ್ಮಸ್ಸಲ್ಲಿ ಒಂದೇ ಭಾನುವಾರ ಬ್ಲಡ್ ಬ್ಯಾಂಕಿಗೆ ಹೋಗಿ ರಕ್ತ ಕೊಟ್ಟು, ಡೋನರ್ ಕಾರ್ಡ್ ಇಸ್ಕೊಂಡು, ಬಿಸ್ಕತ್ತು ತಿಂದು, ಸ್ಟೇಟಸ್ಸಿಗೆ ಫೋಟೋ ಹಾಕಿದ್ವಿ. ಪೆದ್ದುತನ! ಈಗ ಹುಡುಗ್ರು 90 ದಿನ, ಹುಡುಗೀರು 120 ದಿನ ಮತ್ತೆ ಕೊಡಂಗಿಲ್ಲ. ಉಳಿದಿದ್ದು ಇಬ್ರು. ಒಬ್ಬ ದುಗ್ಗಮ್ಮನ ಜಾತ್ರೇಲಿ ಹಚ್ಚೆ ಹಾಕಿಸ್ಕೊಂಡಾನೆ, ವರ್ಷ ಆಗ್ಬೇಕಂತೆ. ಇನ್ನೊಬ್ಬಳ ಹಿಮೋಗ್ಲೋಬಿನ್ 11.8, ಬೇಕಿರೋದು 12.5. ಕಾಲೇಜು ಗ್ರೂಪಲ್ಲಿ ಕೇಳಿದ್ರೆ ಬರೀ ಕೈಮುಗಿಯೋ ಇಮೋಜಿ.

ಬರೋ ಗುರುವಾರ ರಕ್ತ ಬೇಕು. ಪಾಪು ಅಮ್ಮ ಬಾಯಿಬಿಟ್ಟು ಕೇಳಲ್ಲ, ಬಾಗಿಲಲ್ಲಿ ನಿಂತು ನೋಡ್ತಾರೆ ಅಷ್ಟೇ.

ನಮ್ಮ ಹನ್ನೊಂದು ಡೋನರ್ ಕಾರ್ಡ್ ತೋರಿಸಿದ್ರೆ ಈ ಪಾಪು ಹೆಸರಿಗೆ ರಕ್ತ ಕೊಡ್ತಾರಾ, ಇಲ್ಲ ಹೊಸಬರನ್ನ ಕರ್ಕೊಂಡು ಹೋಗ್ಲೇಬೇಕಾ? ಗೊತ್ತಿದ್ದೋರು ಹೇಳ್ರಿ.